ಕನ್ನಡ ಶಾಲೆಯ ಮಾಸ್ತರ ಶರೀಫ ಸಾಹೇಬರು



ಶಿಶುನಾಳ ಶರೀಫ ಸಾಹೇಬರ ಹೆಸರು ಕೇಳದವರು ನಮ್ಮ ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಇರಲಿಕ್ಕಿಲ್ಲ. ಮದುವೆ ಮನೆಯ ಮೈಕಿನಲ್ಲಿ, ಶಾಲೆಯ ಗ್ಯಾದರಿಂಗಿನಲ್ಲಿ, ಅಮಾವಾಸ್ಯೆಯ ಭಜನೆಯಲ್ಲಿ, ಮೊಹರಂ ಅಲಾವಿಯ ಮುಂದೆ ಅವರ ಪದಗಳನ್ನು ನೀವೆಲ್ಲ ಕೇಳಿದ್ದೀರಿ. ಕೆಲವರು ಬಾಯಿಪಾಠ ಹೇಳಬಲ್ಲಿರಿ. ಸಂತರು, ಶಿವಯೋಗಿಗಳು, ಕರ್ನಾಟಕದ ಕಬೀರರು ಎಂದೆಲ್ಲ ಅವರನ್ನು ಕರೆಯುವುದುಂಟು. ಆದರೆ ಅವರು ಒಂದು ಕಾಲಕ್ಕೆ ಕನ್ನಡ ಶಾಲೆಯ ಮಾಸ್ತರರಾಗಿದ್ದರು, ತಿಂಗಳ ಪಗಾರ ಬರುವ ನೌಕರಿ ಅವರಿಗಿತ್ತು, ಅದು ಇಲ್ಲದಂತಾದ ಮೇಲೆ ಅವರು ಬಹಳ ದಿನ ಕಷ್ಟಪಟ್ಟರು ಎಂಬ ಸಂಗತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಈ ಸಲದ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆ ಬರೆದುಕೊಡಿರೆಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಇದೇ ಸಂಗತಿ.

ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಶಿಶುನಾಳಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಗದ್ದುಗೆಯ ದರ್ಶನ ಮಾಡಿಸಿ, ನೆರಳಿನಲ್ಲಿ ಕೂಡ್ರಿಸಿ, ಶರೀಫರ ಚರಿತ್ರೆ ಹೇಳುತ್ತಿದ್ದೆ. ಅವರು ಮಾಸ್ತರಿಕೆ ಬಿಟ್ಟರು ಎಂದು ಹೇಳಿ ನಾನು ಮುಂದಿನ ಮಾತಿಗೆ ಹೋದೆ. ಎಂಟನೇ ಇಯತ್ತೆಯ ಹುಡುಗನೊಬ್ಬ ಕೈ ಎತ್ತಿದ. ಸರಕಾರಿ ನೌಕರಿ ಇದ್ದವರು ಅದನ್ನು ಯಾಕೆ ಬಿಟ್ಟರು, ಬಿಟ್ಟ ಮೇಲೆ ಮನೆಯಲ್ಲಿ ಅನ್ನಕ್ಕೆ ಏನು ಮಾಡಿದರು ಎಂದು ಕೇಳಿದ. ಅವನ ತಂದೆ ಡ್ರೈವರ್ ಕೆಲಸದಲ್ಲಿದ್ದರು. ಆ ತಿಂಗಳಷ್ಟೇ ಮಾಲೀಕರು ಗಾಡಿ ಮಾರಿ ಅವರನ್ನು ಮನೆಗೆ ಕಳಿಸಿದ್ದರು. ಇದು ಗೊತ್ತಿದ್ದ ಉಳಿದ ಹುಡುಗರು ಸುಮ್ಮನಾದರು. ನಾನು ಅಂದು ಏನೋ ಒಂದು ಉತ್ತರ ಹೇಳಿದೆ. ಆ ಉತ್ತರ ನನಗೇ ಸಮಾಧಾನ ತರಲಿಲ್ಲ. ಇಂದು ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಶರೀಫರ ಜೀವನವನ್ನು ನಿಮ್ಮೆದುರಿಗೆ ಹೇಳುತ್ತೇನೆ.

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ. ಜನರ ಬಾಯಲ್ಲಿ ಅದೇ ಶಿಶುನಾಳವಾಗಿದೆ. ಇಂದು ಅದು ಹಾವೇರಿ ಜಿಲ್ಲೆಯಲ್ಲಿದೆ. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಮಗನಿಗೆ ಇಟ್ಟ ಹೆಸರು ಮಹಮ್ಮದ ಶರೀಫ. ಬಹಳ ದಿನ ಮಕ್ಕಳಿಲ್ಲದೆ, ಹತ್ತಿರದ ಹುಲಗೂರಿನ ಸೂಫಿ ಹಜರತ್ ಖಾದರಿ ಅವರ ಆಶೀರ್ವಾದದಿಂದ ಹುಟ್ಟಿದ ಮಗ ಎಂಬ ನಂಬಿಕೆ ನಮ್ಮ ಭಾಗದಲ್ಲಿದೆ. ಹುಲಗೂರಿನ ದರ್ಗಾಕ್ಕೆ ನೀವು ಹೋಗಿದ್ದರೆ ಅಲ್ಲಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುವುದನ್ನು ನೋಡಿರುತ್ತೀರಿ. ಇಮಾಮ ಸಾಹೇಬರು ಅದೇ ಪರಂಪರೆಯವರು. ಮಗನಿಗೆ ಮನೆಯಲ್ಲಿ ದೀನಿನ ಪಾಠದ ಜೊತೆಗೆ ರಾಮಾಯಣ ಮಹಾಭಾರತಗಳ ಕಥೆ, ಅಲ್ಲಮಪ್ರಭುವಿನ ವಚನಗಳನ್ನೂ ಹೇಳಿಕೊಟ್ಟರಂತೆ. ಇಂದು ಇದನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ಆಗಿನ ಹಳ್ಳಿಯಲ್ಲಿ ಅದು ಅಷ್ಟು ವಿಶೇಷದ ಮಾತಾಗಿರಲಿಲ್ಲ. ಬಯಲಾಟ ಆಡುವ ತಂಡದಲ್ಲಿ ಎಲ್ಲ ಓಣಿಯವರೂ ಇರುತ್ತಿದ್ದರು. ಆಟದ ಕಥೆ ಬಾರದವನಿಗೆ ಊರಿನಲ್ಲಿ ಮಾತೇ ಇರುತ್ತಿರಲಿಲ್ಲ.

ಅವರು ಹುಟ್ಟುವ ಹಿಂದಿನ ವರ್ಷ, ಅಂದರೆ 1818ರಲ್ಲಿ, ಪೇಶವೆಯರ ಆಡಳಿತ ಮುಗಿದು ನಮ್ಮ ಭಾಗ ಕಂಪನಿ ಸರಕಾರದ ಕೈಗೆ ಹೋಗಿತ್ತು. ಪಕ್ಕದ ಸವಣೂರಿನಲ್ಲಿ ನವಾಬರ ಸಣ್ಣ ಸಂಸ್ಥಾನ, ಆಚೆಗಿನ ಕುಂದಗೋಳ ಜಮಖಂಡಿ ಸಂಸ್ಥಾನದ್ದು, ನಡುವಿನ ಹಳ್ಳಿಗಳು ಮುಂಬಯಿ ಇಲಾಖೆಯವು. ಒಂದು ದಿನದ ನಡಿಗೆಯಲ್ಲಿ ಮೂರು ಸರಕಾರ ದಾಟಬಹುದಾಗಿತ್ತು. ಕಚೇರಿಯ ಕಾಗದಪತ್ರ ಮರಾಠಿಯಲ್ಲಿ. ಕನ್ನಡ ಮಾತಾಡುವ ಮಕ್ಕಳಿಗೂ ಶಾಲೆಯಲ್ಲಿ ಮರಾಠಿಯೇ ಎಂಬ ಸ್ಥಿತಿ ಎಷ್ಟೋ ಕಡೆ ಇತ್ತು. ವಾಲ್ಟರ್ ಎಲಿಯಟ್ ಅವರಂಥ ಅಧಿಕಾರಿಗಳು, ನಂತರ ಡೆಪ್ಯುಟಿ ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದ್ದು ಈ ಶತಮಾನದಲ್ಲಿಯೇ. ಹೀಗಿರುವಾಗ ಹಳ್ಳಿಯ ಮುಸಲ್ಮಾನ ಮನೆಯ ಹುಡುಗನೊಬ್ಬ ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಶಾಲೆಯ ಮಾಸ್ತರನಾದ ಎಂದರೆ ಆ ಮನೆಗೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಯೋಚಿಸಿರಿ. ನಮ್ಮ ಅಜ್ಜಂದಿರ ಕಾಲದವರೆಗೂ ಮುಲ್ಕಿ ಪಾಸಾದವರೆಂದರೆ ಊರೇ ಎದ್ದು ನಿಲ್ಲುತ್ತಿತ್ತು. ಮಾಸ್ತರಿಕೆ ಇಲ್ಲವೇ ತಲಾಠಿಕೆ, ಎರಡರಲ್ಲಿ ಒಂದು ಸಿಕ್ಕೇ ಸಿಗುತ್ತದೆ ಎಂಬ ಮಾತಿತ್ತು. ಮಳೆಯ ದಾರಿ ಕಾಯುವ ಒಕ್ಕಲುತನದ ನಡುವೆ ತಿಂಗಳಾದ ಕೂಡಲೇ ಕೈಗೆ ಬರುವ ಹಣದ ಬೆಲೆ ಏನೆಂಬುದು ಸಂಬಳದಾರರ ಮಕ್ಕಳಿಗೆ ಗೊತ್ತಾಗಲಿಕ್ಕಿಲ್ಲ, ಒಕ್ಕಲಿಗರ ಮಕ್ಕಳಿಗೆ ಗೊತ್ತು.

ಮಂಡಿಗನಾಳ, ಎರೆಬೂದಿಹಾಳ, ಗುಂಜಳ ಮುಂತಾದ ಊರುಗಳಲ್ಲಿ ಅವರು ಕಲಿಸಿದರೆಂದು ಚರಿತ್ರೆಕಾರರು ಹೆಸರಿಸುತ್ತಾರೆ. ಹೆಸರುಗಳನ್ನು ನೋಡಿದರೆ ತಿಳಿಯುತ್ತದೆ, ಒಂದೇ ಊರಿನಲ್ಲಿ ನೆಲೆಯಾಗಿ ನಿಂತ ನೌಕರಿ ಅದಲ್ಲ. ಆಗಿನ ಹಳ್ಳಿಯ ಶಾಲೆ ಎಂದರೆ ಗುಡಿಯ ಪೌಳಿ, ಚಾವಡಿ, ಇಲ್ಲವೇ ಯಾರದಾದರೂ ಪಡಸಾಲೆ. ನೆಲದ ಮೇಲೆ ಉಸುಕು ಹರವಿ ಅಕ್ಷರ ತಿದ್ದಿಸುವುದು, ಗುಂಪಾಗಿ ಮಗ್ಗಿ ಹೇಳಿಸುವುದು, ಸುಗ್ಗಿ ಬಂದರೆ ಖಾಲಿಯಾಗುವ ಶಾಲೆಗೆ ಮನೆಮನೆ ತಿರುಗಿ ಮಕ್ಕಳನ್ನು ಕರೆತರುವುದು. ಈ ಕೊನೆಯ ಕೆಲಸ ನಮಗೆ ಇಂದಿಗೂ ತಪ್ಪಿಲ್ಲ ಬಿಡಿ.

ಕೆಲವು ವರ್ಷ ಹೀಗೆ ನಡೆಯಿತು. ಆಮೇಲೆ ಅವರ ಮನಸ್ಸು ಆ ಕೆಲಸದಲ್ಲಿ ನಿಲ್ಲಲಿಲ್ಲ. ಅಧ್ಯಾತ್ಮದ ಹಸಿವು, ಹಾಡು, ಬಯಲಾಟ, ಸಾಧುಸಂತರ ಸಂಗ ಒಂದು ಕಡೆ. ವೇಳೆಗೆ ಸರಿಯಾಗಿ ಶಾಲೆ ತೆರೆದು ಅದೇ ಪಾಠ ಒಪ್ಪಿಸುವುದು ಇನ್ನೊಂದು ಕಡೆ. ಎರಡೂ ಒಟ್ಟಿಗೆ ಸಾಗಲಿಲ್ಲ. ನೌಕರಿ ಹೋಯಿತು. ಅವರೇ ಬಿಟ್ಟರು ಎಂಬುದು ಎಲ್ಲರೂ ಹೇಳುವ ಮಾತು, ನಾನೂ ಅದನ್ನೇ ಹೇಳುತ್ತೇನೆ. ಆದರೆ ಒಂದು ಮಾತು ಸೇರಿಸಬೇಕು. ಹೊರಗಿನಿಂದ ನೋಡುವವರಿಗೆ ಬಿಟ್ಟದ್ದಕ್ಕೂ ಬಿಡಿಸಿದ್ದಕ್ಕೂ ಬಹಳ ಅಂತರ ಕಾಣುತ್ತದೆ. ಮರುದಿನ ಮುಂಜಾನೆ ಎದ್ದು ಹೋಗಲು ಶಾಲೆ ಇಲ್ಲದವನಿಗೆ ಆ ಅಂತರ ಅಷ್ಟು ಕಾಣುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಬಿ.ಇಡಿ. ಮುಗಿಸಿದ ಮೇಲೆ ಒಂದು ಶಾಲೆಯಲ್ಲಿ ಮೂರು ವರ್ಷ ತಾತ್ಪೂರ್ತಿಕ ಶಿಕ್ಷಕನಾಗಿ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸಿದೆ. ನಾಲ್ಕನೇ ವರ್ಷ ಜೂನ್ ತಿಂಗಳಲ್ಲಿ ಶಾಲೆಗೆ ಹೋದಾಗ ವೇಳಾಪತ್ರಿಕೆಯಲ್ಲಿ ನನ್ನ ಹೆಸರಿರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ. ಚಹಾ ಕೊಟ್ಟರು, ಕುಡಿದು ಬಂದೆ. ಮನೆಯಲ್ಲಿ ಹೇಳಲು ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನವೂ ಡಬ್ಬಿ ಕಟ್ಟಿಸಿಕೊಂಡು ಹೊರಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಊಟ ಮಾಡಿ, ಸಂಜೆ ತಿರುಗಿ ಬರುತ್ತಿದ್ದೆ. ನಮ್ಮ ಸಂಸ್ಥೆಯ ಸದಸ್ಯರಲ್ಲಿ, ನಿಮ್ಮ ಅಣ್ಣ ಅಕ್ಕಂದಿರಲ್ಲಿ ಅತಿಥಿ ಶಿಕ್ಷಕರಾಗಿ, ಗುತ್ತಿಗೆ ನೌಕರರಾಗಿ ದುಡಿಯುವ ಎಷ್ಟೋ ಜನರಿಗೆ ಈ ಕಥೆ ಹೊಸದಲ್ಲ ಎಂದು ಬಲ್ಲೆ. ಆ ವರ್ಷ ನನಗೆ ಶರೀಫರ ಪದಗಳು ಬೇರೆಯಾಗಿ ಕೇಳಿಸಿದವು. ಅಲ್ಲಿಯವರೆಗೆ ಅವು ಪಠ್ಯಪುಸ್ತಕದ ತತ್ವಪದಗಳಾಗಿದ್ದವು.

ಇಸ್ಲಾಮಿನ ಇತಿಹಾಸ ಓದಿದವರಿಗೆ ಇಲ್ಲಿ ಇಮಾಮ್ ಗಜ್ಜಾಲಿಯವರ ನೆನಪಾಗದೆ ಇರದು. 1091ರಲ್ಲಿ ಬಗ್ದಾದಿನ ನಿಜಾಮಿಯಾ ಮದರಸದ ಮುಖ್ಯ ಉಸ್ತಾದರಾದ ಅವರಿಗೆ ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ಬೇರೆ ಇರಲಿಲ್ಲ. 1095ರಲ್ಲಿ ಪಾಠ ಹೇಳಲು ಕುಳಿತಾಗ ಅವರ ನಾಲಿಗೆಯೇ ಏಳದಾಯಿತು. ಊಟ ಸೇರಲಿಲ್ಲ, ಹಕೀಮರು ಕೈಚೆಲ್ಲಿದರು. ಯಾರಿಗಾಗಿ ಕಲಿಸುತ್ತಿದ್ದೇನೆ, ಅಲ್ಲಾಹನಿಗಾಗಿಯೋ ಹೆಸರಿಗಾಗಿಯೋ ಎಂಬ ಪ್ರಶ್ನೆ ತಮ್ಮನ್ನು ಕಾಡಿತೆಂದು ಮುಂದೆ ಅವರೇ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಹುದ್ದೆ ಬಿಟ್ಟು ದಮಾಸ್ಕಸ್, ಜೆರುಸಲೇಮ್, ಮಕ್ಕಾ ಎಂದು ವರ್ಷಗಟ್ಟಲೆ ಅಲೆದರು. 1106ರಲ್ಲಿ ನಿಶಾಪುರದಲ್ಲಿ ತಿರುಗಿ ಪಾಠಕ್ಕೆ ಕುಳಿತರು. ಬಗ್ದಾದಿನ ಆ ದೊಡ್ಡ ಉಸ್ತಾದರನ್ನು ಶಿಶುನಾಳದ ಮಾಸ್ತರರ ಪಕ್ಕದಲ್ಲಿ ಕೂಡ್ರಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಕಲಿಸುವವನಿಗೆ ಬರುವ ಬೇನೆ ಒಂದೇ ಎಂದು ನನ್ನ ತಿಳಿವಳಿಕೆ. ನಮ್ಮದೇ ತಾಲೂಕಿನ ಬಾಡದ ಕನಕದಾಸರು ದಂಡನಾಯಕಿ ಬಿಟ್ಟು ತಂಬೂರಿ ಹಿಡಿದ ಕಥೆಯೂ ನಿಮಗೆ ಗೊತ್ತಿದೆ. ಈ ಮಣ್ಣಿನಲ್ಲಿ ಅಧಿಕಾರ ಬಿಟ್ಟು ಹಾಡು ಹಿಡಿದವರಿಗೆ ಶರೀಫರು ಮೊದಲಿಗರೇನಲ್ಲ.

ನೌಕರಿ ಹೋದ ಶರೀಫರಿಗೆ ದಾರಿ ತೋರಿದವರು ಕಳಸದ ಗೋವಿಂದಭಟ್ಟರು. ಕಳಸ ಕುಂದಗೋಳ ತಾಲೂಕಿನ ಊರು. ಭಟ್ಟರು ಬ್ರಾಹ್ಮಣರು, ಆದರೆ ಮಡಿ ಮೈಲಿಗೆಯ ಗೊಡವೆ ಇಟ್ಟುಕೊಂಡವರಲ್ಲ. ಅವರಿಗೆ ಯಾರ ಮನೆಯ ಊಟವೂ ಆಗುತ್ತಿತ್ತು, ಯಾರ ಜೊತೆಗಿನ ಮಾತೂ ಆಗುತ್ತಿತ್ತು. ಊರಿನ ಮಡಿವಂತರಿಗೆ ಅವರೆಂದರೆ ತಲೆನೋವು. ಇವರಿಬ್ಬರ ಮೊದಲ ಭೇಟಿಯ ಕಥೆಯನ್ನು ನೀವು ಕೇಳಿರುತ್ತೀರಿ. ನಿಮ್ಮ ಅಪ್ಪ ಯಾರು ಎಂದು ಭಟ್ಟರು ಕೇಳಿದರಂತೆ. ನಿಮ್ಮನ್ನೂ ನನ್ನನ್ನೂ ಹುಟ್ಟಿಸಿದ ಅಪ್ಪ ಒಬ್ಬನೇ ಎಂಬ ಅರ್ಥದ ಉತ್ತರ ಶರೀಫರಿಂದ ಬಂತಂತೆ. ಈ ಕಥೆಯನ್ನು ಭಾಷಣಕಾರರು ಭಾವೈಕ್ಯದ ಉದಾಹರಣೆಯಾಗಿ ಹೇಳುತ್ತಾರೆ, ಅದು ಸರಿಯೇ. ನನಗೆ ಅದರಲ್ಲಿ ಇನ್ನೊಂದು ಮಾತು ಕಾಣುತ್ತದೆ. ಎಲ್ಲಿ ನೌಕರಿ, ಎಷ್ಟು ಪಗಾರ, ಈಗ ಏನು ಮಾಡಿಕೊಂಡಿದ್ದೀಯಪ್ಪ ಎಂದು ಭಟ್ಟರು ಕೇಳಲಿಲ್ಲ. ಕೆಲಸ ಕಳೆದುಕೊಂಡವರು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಡುತ್ತಾರೆ, ಯಾಕೆಂದರೆ ಅಲ್ಲಿ ಎಲ್ಲರೂ ಕೇಳುವುದು ಅದನ್ನೇ. ಆ ಪ್ರಶ್ನೆಯನ್ನು ಕೇಳದ ಒಬ್ಬ ಹಿರಿಯರು ಸಿಕ್ಕರೆ ಅರ್ಧ ಬೇನೆ ಇಳಿಯುತ್ತದೆ.

ಭಟ್ಟರು ತಮ್ಮ ಜನಿವಾರವನ್ನೇ ಶಿಷ್ಯನ ಕೊರಳಿಗೆ ಹಾಕಿದರು ಎಂಬ ಪ್ರಸಂಗವೂ ಪ್ರಸಿದ್ಧವಾಗಿದೆ. ಇದರಿಂದ ಎರಡೂ ಕಡೆ ಅಸಮಾಧಾನವಾಯಿತು. ಬ್ರಾಹ್ಮಣರು ಗುರುವನ್ನು ಹೊರಗಿಟ್ಟು ನೋಡಿದರು, ಮುಸಲ್ಮಾನರು ಶಿಷ್ಯನನ್ನು ಸಂಶಯದಿಂದ ನೋಡಿದರು. ನಮ್ಮ ಸಮಾಜದಲ್ಲಿ ಇಂದಿಗೂ ಅವರನ್ನು ನಮ್ಮವರೆನ್ನಬೇಕೋ ಬೇಡವೋ ಎಂದು ಕೇಳುವವರಿದ್ದಾರೆ. ಇದೇ ಸಂಚಿಕೆಯ ಓದುಗರಲ್ಲಿಯೂ ಇರಬಹುದು. ಅವರೊಡನೆ ವಾದಕ್ಕೆ ಇಳಿಯುವುದು ಈ ಲೇಖನದ ಕೆಲಸವಲ್ಲ. ಶರೀಫರು ತಮ್ಮ ಹೆಸರನ್ನು ಬದಲಿಸಲಿಲ್ಲ, ತಮ್ಮ ಊರನ್ನು ಬಿಡಲಿಲ್ಲ, ಮೊಹರಂ ಪದಗಳನ್ನು ಕಟ್ಟುವುದನ್ನು ನಿಲ್ಲಿಸಲಿಲ್ಲ ಎಂಬಷ್ಟನ್ನು ಮಾತ್ರ ನೆನಪಿಗೆ ತರುತ್ತೇನೆ.

ಈಗ ಆ ಹುಡುಗನ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಅನ್ನಕ್ಕೆ ಏನು ಮಾಡಿದರು? ಸುಲಭದ ಉತ್ತರ ಕೊಟ್ಟರೆ ಅದು ಸುಳ್ಳಾಗುತ್ತದೆ. ಕುಂದಗೋಳದ ಫಾತಿಮಾ ಎಂಬವರೊಡನೆ ಅವರ ಮದುವೆಯಾಗಿತ್ತು. ಒಬ್ಬ ಮಗಳು ಹುಟ್ಟಿದಳು. ಹೆಂಡತಿಯೂ ಮಗಳೂ ಬೇಗನೆ ತೀರಿಕೊಂಡರು. ತಂದೆ ತಾಯಿಗಳೂ ಹೋದರು. ಬಡತನದ, ಸಾಲದ, ಸಾಲಗಾರರು ಬಾಗಿಲಿಗೆ ಬಂದ ಕಥೆಗಳನ್ನು ನಮ್ಮ ಭಾಗದ ಹಿರಿಯರು ಬಹಳ ಹೇಳುತ್ತಾರೆ. ಸೋರುವ ಮನೆಯ ಮೇಲೆ ಅವರು ಹಾಡಿದ ಪದ ನಿಮಗೆಲ್ಲ ಗೊತ್ತು. ಅದರ ಒಳಗಿನ ಅರ್ಥ ದೇಹ, ಅಜ್ಞಾನ, ಸಂಸಾರ ಎಂದು ನಾವು ಪರೀಕ್ಷೆಯಲ್ಲಿ ಬರೆಸುತ್ತೇವೆ, ಅದಕ್ಕೆ ಅಂಕವನ್ನೂ ಕೊಡುತ್ತೇವೆ. ಆದರೆ ಮಣ್ಣಿನ ಮಾಳಿಗೆಯ ಮನೆಯಲ್ಲಿ, ಆಷಾಢದ ಜಡಿಮಳೆಯ ರಾತ್ರಿ, ಎಲ್ಲಿ ಪಾತ್ರೆ ಇಡಬೇಕು, ಎಲ್ಲಿ ಹಾಸಿಗೆ ಸರಿಸಬೇಕು ಎಂದು ತಿಳಿಯದೆ ಕುಳಿತವನಿಗೇ ಆ ಹೋಲಿಕೆ ಹೊಳೆಯಲು ಸಾಧ್ಯ. ಪಗಾರ ಬರುವ ಮನೆಯ ಮಾಳಿಗೆಗೆ ವರ್ಷಕ್ಕೊಮ್ಮೆ ಮಣ್ಣು ಬೀಳುತ್ತದೆ.

ಹೆಂಡತಿ ತೀರಿದ ಮೇಲೆ ಅವರು ಕಟ್ಟಿದ ಪದವೂ ಇದೆ. ಅದನ್ನು ಓದಿ ಅವರು ಎಷ್ಟು ಬೇಗ ಮೋಹ ಕಳೆದುಕೊಂಡರು ನೋಡಿ ಎಂದು ಹೊಗಳುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಮೋಹ ಅಷ್ಟು ಸಲೀಸಾಗಿ ಹೋಗಿದ್ದರೆ ಅದರ ಮೇಲೆ ಪದ ಕಟ್ಟುವ ಕಾರಣ ಇರುತ್ತಿರಲಿಲ್ಲ. ವಿದ್ಯಾರ್ಥಿಗಳೇ, ಸಂತರಿಗೂ ಕಣ್ಣೀರು ಬರುತ್ತದೆ ಎಂಬುದನ್ನು ಒಪ್ಪಿಕೊಂಡರೆ ಅವರ ಹಿರಿಮೆ ಕಡಿಮೆಯಾಗುವುದಿಲ್ಲ. ನಮ್ಮ ಪ್ರವಾದಿಯವರೂ (ಸ.ಅ.) ತಮ್ಮ ಮಗು ಇಬ್ರಾಹೀಮರು ತೀರಿದಾಗ ಕಣ್ಣೀರಿಟ್ಟರೆಂದು ಹದೀಸಿನಲ್ಲಿ ಬಂದಿದೆ.

ಹೀಗಾಗಿ ಶರೀಫರ ಕಥೆ ಕೇಳಿ ನಾಳೆಯೇ ಯಾರೂ ನೌಕರಿಗೆ ರಾಜೀನಾಮೆ ಕೊಡಬೇಕಾಗಿಲ್ಲ. ಇದನ್ನು ನಾನು ಸ್ಪಷ್ಟವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಸಭೆಗಳಲ್ಲಿ ತ್ಯಾಗದ ಮಾತು ಆಡುವವರು ಅದರ ಬಿಲ್ಲನ್ನು ಯಾರು ಕಟ್ಟುತ್ತಾರೆಂದು ಹೇಳುವುದಿಲ್ಲ. ಶರೀಫರು ಕಟ್ಟಿದ ಬಿಲ್ಲು ದೊಡ್ಡದು. ಹಿಂದೆ ಸಾಕಬೇಕಾದ ಮಕ್ಕಳಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅವರನ್ನು ಸಾಕಿದ್ದು ಊರು. ಭಜನೆಗೆ ಕರೆದವರು ಉಣ್ಣಲಿಕ್ಕೆ ಹಾಕಿದರು; ಹಬ್ಬ, ಜಾತ್ರೆ, ಉರುಸಿಗೆ ಹೋದಲ್ಲಿ ಒಂದು ಚಾಪೆ ಸಿಕ್ಕಿತು. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು ಅವರ ಕಾಲದವರು. ಇಂಥವರ ಸಂಗ ಸಿಕ್ಕಿತು. ರಿಜ್ಕ್ ಕೊಡುವವನು ಅಲ್ಲಾಹನು ಎಂದು ನಾವು ನಂಬುತ್ತೇವೆ. ಅದು ನಮ್ಮ ಕೈಗೆ ಬರುವುದು ಮಾತ್ರ ಅಕ್ಕಪಕ್ಕದವರ ಮನೆಯ ಬಾಗಿಲಿನಿಂದ.

ಇನ್ನು ಅವರ ಪದಗಳ ಬಗ್ಗೆ. ನೌಕರಿ ಬಿಟ್ಟ ಶರೀಫರು ಮಾಸ್ತರಿಕೆಯನ್ನು ಬಿಟ್ಟರೇ? ಬಿಡಲಿಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಬಿ.ಇಡಿ. ತರಬೇತಿಯಲ್ಲಿ ತಿಳಿದ ವಸ್ತುವಿನಿಂದ ತಿಳಿಯದ ವಿಷಯಕ್ಕೆ ಹೋಗಬೇಕೆಂದು ಒಂದು ಸೂತ್ರ ಕಲಿಸುತ್ತಾರೆ. ಶರೀಫರ ಪದಗಳನ್ನು ಸಾಲಾಗಿ ಇಟ್ಟು ನೋಡಿರಿ. ತಂಬೂರಿ, ಗುಡುಗುಡಿ, ಮಾಳಿಗೆ, ಕೋಡಗ, ಕೋಳಿ, ಹಾವು, ಗಂಡನ ಮನೆಗೆ ಹೊರಟ ತಂಗಿ, ಬಜಾರಿನಲ್ಲಿ ಬಿದ್ದ ಮುದುಕಿ. ಎಲ್ಲವೂ ಕೇಳುಗರು ಆ ದಿನವೇ ಕಂಡ ವಸ್ತುಗಳು. ಅಲ್ಲಿಂದ ಹಿಡಿದು ಆತ್ಮ, ಮಾಯೆ, ಮರಣದವರೆಗೆ ಒಯ್ಯುತ್ತಾರೆ. ಹುಬ್ಬಳ್ಳಿಯಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿ ಬಂದಾಗ ಜನ ಬಾಯಿಬಿಟ್ಟು ನೋಡಿದರು. ಅರವತ್ತು ದಾಟಿದ ಶರೀಫರು ಅದನ್ನೂ ನೋಡಿ ಗಿರಣಿಯ ಮೇಲೆ ಪದ ಕಟ್ಟಿದರು. ಹೊಸ ಯಂತ್ರ ಬಂತೆಂದು ಬೈಯಲಿಲ್ಲ, ಅದರ ಚಕ್ರ, ನೂಲು, ಉಗಿಯನ್ನೇ ಪಾಠದ ಸಾಮಗ್ರಿ ಮಾಡಿಕೊಂಡರು. ಆ ವಯಸ್ಸಿನಲ್ಲಿಯೂ ಹೊಸದನ್ನು ಕಂಡು ಅಷ್ಟು ಹುರುಪು ಬರುತ್ತದೆಂದರೆ ಮನಸ್ಸು ಎಷ್ಟು ಎಳೆಯದಾಗಿ ಉಳಿದಿರಬೇಕು! ಕೋಡಗನನ್ನು ಕೋಳಿ ನುಂಗುವ ಆ ಪದವನ್ನಂತೂ ನಾನು ನಾಲ್ಕನೇ ಇಯತ್ತೆಯ ಮಕ್ಕಳಿಗೆ ಕಲಿಸಿದ್ದೇನೆ. ಅವರು ಮೊದಲು ನಗುತ್ತಾರೆ. ಆಮೇಲೆ ಒಬ್ಬನಾದರೂ ಇದು ಹೇಗೆ ಆಗುತ್ತದೆ ಸರ್ ಎಂದು ಕೇಳುತ್ತಾನೆ. ಪಾಠ ಅಲ್ಲಿಂದ ಸುರುವಾಗುತ್ತದೆ.

ಪದಗಳಿಗೆ ಅವರು ಹಾಕಿಕೊಂಡ ಅಂಕಿತ ತಮ್ಮ ಊರಿನ ದೈವದ್ದು, ಶಿಶುನಾಳಧೀಶ. ಗುರು ಗೋವಿಂದರ ಹೆಸರೂ ಪದೇ ಪದೇ ಬರುತ್ತದೆ. ತಮ್ಮ ಸ್ವಂತ ಹೆಸರನ್ನು ಎತ್ತಿ ಹಿಡಿಯಬೇಕೆಂಬ ಹಂಬಲ ಅಲ್ಲಿ ಕಾಣುವುದಿಲ್ಲ. ಇವರು ಬಾಳಿದ ಕಾಲವೂ ಸಣ್ಣ ಕಾಲವಲ್ಲ. 1858ರಲ್ಲಿ ನರಗುಂದದ ಬಂಡಾಯವಾಗಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದಾಗ ಶರೀಫರಿಗೆ ನಲವತ್ತರ ಹತ್ತಿರ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಧಾರವಾಡ ಸೀಮೆಯ ಹಳ್ಳಿಗಳು ಬರಿದಾದವು. ಆಗ ಅವರಿಗೆ ಅರವತ್ತರ ಹತ್ತಿರ. ಬರದ ವರ್ಷದಲ್ಲಿ ಪದ ಹಾಡುವವನ ಚೀಲಕ್ಕೆ ಯಾರು ಎಷ್ಟು ಕಾಳು ಹಾಕಿಯಾರು? ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ನಮ್ಮ ಸಮಾಜದ ಓದುಗರಿಗೆ ಒಂದು ವಿಷಯವನ್ನು ವಿಶೇಷವಾಗಿ ಹೇಳಬೇಕು. ಶರೀಫರ ಪದಸಂಗ್ರಹಗಳಲ್ಲಿ ತತ್ವಪದಗಳ ಜೊತೆಗೆ ರಿವಾಯತ್ ಪದಗಳೂ ಇವೆ. ಹಿಜರಿ 61ರಲ್ಲಿ, ಅಂದರೆ ಕ್ರಿ.ಶ. 680ರಲ್ಲಿ, ಕರ್ಬಲಾ ಮೈದಾನದಲ್ಲಿ ಹಜರತ್ ಹುಸೇನರು ಶಹೀದರಾದ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಕನ್ನಡದಲ್ಲಿ ಹಾಡುವ ಪದ್ಧತಿ ಇದೆ. ಅಲಾವಿಯ ಸುತ್ತ ಹೆಜ್ಜೆ ಹಾಕುತ್ತ, ಎರಡು ಮೇಳಗಳು ಎದುರುಬದುರಾಗಿ ನಿಂತು ಹಾಡುತ್ತವೆ. ಹಾಡುವವರಲ್ಲಿ ಮುಸಲ್ಮಾನರಿಗಿಂತ ಉಳಿದವರೇ ಹೆಚ್ಚಿರುವ ಊರುಗಳಿವೆ. ಉರ್ದು ಬಾರದ ರೈತನಿಗೂ ಕರ್ಬಲಾದ ನೀರಡಿಕೆ ಏನೆಂದು ಗೊತ್ತಾದದ್ದು ಇಂಥ ಪದಗಳಿಂದ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನ್ನಂಥವನಿಗೆ ಇದು ದೊಡ್ಡ ಪಾಠ. ನಮ್ಮ ಮಕ್ಕಳು ಕನ್ನಡದಲ್ಲಿ ಹಿಂದೆ ಬೀಳುತ್ತಾರೆ ಎಂದು ಪಾಲಕರ ಸಭೆಯಲ್ಲಿ ಪ್ರತಿವರ್ಷ ದೂರು ಬರುತ್ತದೆ. ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಹುಡುಗ ಇನ್ನೂರು ವರ್ಷಗಳ ಹಿಂದೆ ಇದೇ ತಾಲೂಕಿನಲ್ಲಿ ಹುಟ್ಟಿ, ಕನ್ನಡ ಬಲ್ಲವರೆಲ್ಲ ಹಾಡುವ ಪದ ಕಟ್ಟಿದರು ಎಂದು ನಾನು ಅವರಿಗೆ ಹೇಳುತ್ತೇನೆ.

ಗುರು ಗೋವಿಂದಭಟ್ಟರು ಮೊದಲು ಹೋದರು. ಶರೀಫರು ಇನ್ನೂ ಕೆಲವು ಕಾಲ ಉಳಿದರು. 1889ರಲ್ಲಿ, ಎಪ್ಪತ್ತು ವರ್ಷದವರಾಗಿ, ಹುಟ್ಟಿದ ಊರಿನಲ್ಲಿಯೇ ಅವರ ವಫಾತ್ ಆಯಿತು. ಹುಟ್ಟಿದ ತಾರೀಖಿನಂದೇ ತೀರಿದರೆಂದು ಹೇಳುವುದುಂಟು. ಅಂತ್ಯಕ್ರಿಯೆ ಯಾರ ಪದ್ಧತಿಯಂತೆ ಎಂಬ ಮಾತು ಬಂದಾಗ ಊರವರು ಎರಡನ್ನೂ ನಡೆಸಿದರು. ಒಂದು ಕಡೆ ಕುರಾನ್ ಪಠಣ, ಇನ್ನೊಂದು ಕಡೆ ಮಂತ್ರ. ಆ ದಿನ ಜಗಳವಾಗಲಿಲ್ಲ. ಇಂದು ಶಿಶುನಾಳಕ್ಕೆ ಹೋದರೆ ಗದ್ದುಗೆಯ ಮುಂದೆ ಕಾಯಿ ಒಡೆಯುವವರೂ ಸಿಗುತ್ತಾರೆ, ಫಾತಿಹಾ ಓದುವವರೂ ಸಿಗುತ್ತಾರೆ.

ಬಹಳ ವರ್ಷ ಅವರ ಪದಗಳು ಭಜನಾ ಮೇಳಗಳ ಬಾಯಲ್ಲಿಯೇ ಉಳಿದವು. ಬೆಂಗಳೂರಿನ ಕಡೆಯ ಜನಕ್ಕೆ ಅವು ತಲುಪಿದ್ದು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಮತ್ತು ಗಾಯಕ ಸಿ. ಅಶ್ವತ್ಥ ಅವರ ಪ್ರಯತ್ನದಿಂದ. ಭಟ್ಟರಿಗೆ ಶರೀಫ ಭಟ್ಟರು ಎಂದೇ ಹೆಸರಾಯಿತು. ಕಳಸದ ಭಟ್ಟರ ನಂತರ ಇನ್ನೊಬ್ಬ ಭಟ್ಟರು! 1990ರಲ್ಲಿ ಟಿ.ಎಸ್. ನಾಗಾಭರಣ ಅವರು ಸಂತ ಶಿಶುನಾಳ ಶರೀಫ ಎಂಬ ಚಲನಚಿತ್ರ ಮಾಡಿದರು. ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ್. ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಆಗ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಬಂತು. ನಮ್ಮ ಊರುಗಳಲ್ಲಿ ಆ ಕ್ಯಾಸೆಟ್ಟು ಸವೆದು ತುಂಡಾಗುವವರೆಗೆ ಕೇಳಿದ ಮನೆಗಳಿವೆ.

ಆ ಹುಡುಗ ಈಗ ಪಿ.ಯು.ಸಿ.ಯಲ್ಲಿದ್ದಾನೆ. ಅವನ ತಂದೆಗೆ ಎಂಟು ತಿಂಗಳು ಕೆಲಸ ಸಿಗಲಿಲ್ಲ. ಆಮೇಲೆ ಹೊಲ ಉಳುವ ಟ್ರ್ಯಾಕ್ಟರ್ ಓಡಿಸಲು ಹೋದರು, ಈಗ ಎರಡು ಊರಿನ ಹೊಲಗಳಿಗೆ ಅವರನ್ನೇ ಕರೆಯುತ್ತಾರೆ. ಕಳೆದ ಮೊಹರಂದಲ್ಲಿ ಅವರ ಊರಿಗೆ ಹೋಗಿದ್ದೆ. ರಾತ್ರಿ ಅಲಾವಿಯ ಮುಂದೆ ಮೇಳ ಕೂಡಿತ್ತು. ಹಿಮ್ಮೇಳದಲ್ಲಿ ನಿಂತು, ಕೈಯಲ್ಲಿ ತಾಳ ಹಿಡಿದು, ಅಪ್ಪ ಮಗ ಇಬ್ಬರೂ ಹಾಡುತ್ತಿದ್ದರು. ನನ್ನನ್ನು ನೋಡಿ ಹುಡುಗ ಹಾಡು ನಿಲ್ಲಿಸದೆ ತಲೆಯನ್ನಷ್ಟೇ ಆಡಿಸಿದ. ಪದ ಬಹಳ ಉದ್ದದ್ದು, ಮುಗಿಯುವಷ್ಟರಲ್ಲಿ ನಡುರಾತ್ರಿ ದಾಟಿತ್ತು.